ಬಿಟ್ಟುಬಂದ ದೇಶ, ಮುಳುಗಿಹೋದ ಊರು

1951ರ ಜೂನ್ ತಿಂಗಳು. ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿ ಎರಡು ತಿಂಗಳಾಗಿತ್ತು. ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಹುಟ್ಟಿದ ಜಗಳ ಬೆಳೆಯುತ್ತ ಬೆಳೆಯುತ್ತ, ನೆಲ ಯಾರದು ಎಂಬ ಪ್ರಶ್ನೆಗೆ ಬಂದು ಮುಟ್ಟಿತ್ತು. ಅವರ ಬೆನ್ನಿಗೆ ನಿಲ್ಲಲು ಉತ್ತರದಿಂದ ರಾಮಮನೋಹರ ಲೋಹಿಯಾ ಬಂದರು, ಕಾಗೋಡಿನ ಗದ್ದೆಗೆ ಹೋದರು, ಸಾಗರದಲ್ಲೇ ಬಂಧನಕ್ಕೊಳಗಾದರು. ನಮ್ಮ ಕಡೆಯ ಸಮಾಜವಾದದ ಕಥೆ ಹೇಳುವವರೆಲ್ಲ ಇಲ್ಲಿಂದಲೇ ಶುರುಮಾಡುತ್ತಾರೆ.

ಅದಕ್ಕೆ ಮೂರು ವಾರ ಮುಂಚೆ, ಮೇ 23ರಂದು, ಬೀಜಿಂಗಿನಲ್ಲಿ ಬೇರೆಯೇ ಒಂದು ನೆಲದ ವ್ಯಾಜ್ಯ ಕಾಗದದ ಮೇಲೆ ಇತ್ಯರ್ಥವಾಗಿತ್ತು. ಟಿಬೆಟ್ಟಿನ ನಿಯೋಗ 17 ಅಂಶಗಳ ಒಪ್ಪಂದಕ್ಕೆ ಸಹಿ ಹಾಕಿತ್ತು. ಟಿಬೆಟ್ ಸರ್ಕಾರದ ಮುದ್ರೆ ಆ ನಿಯೋಗದ ಕೈಯಲ್ಲಿ ಇರಲಿಲ್ಲ. ಬೀಜಿಂಗಿನಲ್ಲೇ ಮುದ್ರೆ ಕೆತ್ತಿಸಿ ಒತ್ತಲಾಯಿತು. ಸಿಕ್ಕಿಂ ಗಡಿಯ ಹತ್ತಿರ ಯಾತುಂಗಿನಲ್ಲಿ ಕೂತಿದ್ದ ಹದಿನೈದರ ಹರೆಯದ ದಲಾಯಿ ಲಾಮಾಗೆ ತನ್ನ ದೇಶ 'ತಾಯ್ನಾಡಿನ ಮಡಿಲಿಗೆ' ಮರಳಿದ ಸುದ್ದಿ ಮುಟ್ಟಿದ್ದು ರೇಡಿಯೋದ ಮೂಲಕ.

ಕಾಗೋಡಿಗೂ ಬೀಜಿಂಗಿಗೂ ಏನು ಸಂಬಂಧ? ಲೋಹಿಯಾ ಒಬ್ಬರನ್ನು ಬಿಟ್ಟರೆ ಏನೂ ಇಲ್ಲ. ಚೀನಾದ ಸೈನ್ಯ ಟಿಬೆಟ್ಟಿಗೆ ನುಗ್ಗಿದಾಗ ಅದನ್ನು 'ಶಿಶುಹತ್ಯೆ' ಎಂದು ಕರೆದವರು ಅವರೇ. ಆ ಕಾಲದ ಭಾರತದಲ್ಲಿ ಹಾಗೆ ನೇರವಾಗಿ ಹೇಳಿದವರು ಬೆರಳೆಣಿಕೆಯಷ್ಟು ಜನ. ಆದರೆ ಮುಂದಿನ ಹದಿನೈದು ವರ್ಷಗಳಲ್ಲಿ ಈ ಎರಡು ನೆಲದ ಕಥೆಗಳು ಒಂದೇ ರಾಜ್ಯದ ಕಂದಾಯ ಇಲಾಖೆಯ ಕಡತಗಳಲ್ಲಿ ಅಕ್ಕಪಕ್ಕ ಬಂದು ಕೂತವು. ಒಂದು ಹಿಮಾಲಯ ದಾಟಿ ಬಂದ ಜನರದು. ಇನ್ನೊಂದು ಶರಾವತಿಯ ನೀರು ಏರಿದ್ದಕ್ಕೆ ಮನೆ ಬಿಟ್ಟ ನಮ್ಮವರದು. ಎರಡನ್ನೂ ಒಟ್ಟಿಗಿಟ್ಟು ಓದಿದವರು ಕಡಿಮೆ. ಇಕ್ಕೇರಿ ಸೀಮೆಯಲ್ಲಿ ಕೂತು ಓದಿದರೆ ಹಾಗೆ ಓದದೆ ಗತಿಯಿಲ್ಲ.

ಮೊದಲು ಹಿಮಾಲಯದ ಕಥೆ. 1949ರ ಅಕ್ಟೋಬರ್ 1ರಂದು ಮಾವೋ ಬೀಜಿಂಗಿನಲ್ಲಿ ಕಮ್ಯುನಿಸ್ಟ್ ಗಣರಾಜ್ಯ ಘೋಷಿಸಿದರು. ಆ ವರ್ಷ ಮುಗಿಯುವುದರೊಳಗೆ, ಡಿಸೆಂಬರ್ 30ಕ್ಕೆ, ಭಾರತ ಅದಕ್ಕೆ ಮಾನ್ಯತೆ ಕೊಟ್ಟಿತು. ಮರುವರ್ಷ ಅಕ್ಟೋಬರಿನಲ್ಲಿ ಚೀನಾದ ಸೈನ್ಯ ಪೂರ್ವ ಟಿಬೆಟ್ಟಿನ ಚಾಮ್ಡೋ ಹಿಡಿಯಿತು. ಅಲ್ಲಿನ ಗವರ್ನರ್ ನಾಬೋ ನವಾಂಗ್ ಜಿಗ್ಮೆ ಶರಣಾದರು. ಮುಂದೆ ಬೀಜಿಂಗಿನಲ್ಲಿ ಸಹಿ ಹಾಕಿದ ನಿಯೋಗದ ಮುಖ್ಯಸ್ಥರೂ ಅವರೇ. ನವೆಂಬರ್ 7ರಂದು ಸರ್ದಾರ್ ಪಟೇಲರು ನೆಹರೂಗೆ ದೀರ್ಘ ಪತ್ರ ಬರೆದು, ಉತ್ತರದ ಗಡಿಯಲ್ಲಿ ಇನ್ನು ಹಳೆಯ ನಿಶ್ಚಿಂತೆ ಇರದು ಎಂದು ಎಚ್ಚರಿಸಿದರು. ಐದು ವಾರದ ನಂತರ ಪಟೇಲರೇ ತೀರಿಕೊಂಡರು.

ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಆ ಅರ್ಜಿಯನ್ನು ಎತ್ತಿಕೊಂಡ ದೇಶ ಯಾವುದೆಂದರೆ ಎಲ್ ಸಾಲ್ವಡಾರ್! ಭೂಗೋಳದ ಇನ್ನೊಂದು ಮಗ್ಗುಲಿನ ಪುಟ್ಟ ದೇಶ. ನೆರೆಮನೆಯ ಭಾರತ ಸುಮ್ಮನಿತ್ತು. ಆಗ ವಿಶ್ವಸಂಸ್ಥೆಯಲ್ಲಿ ನಮ್ಮ ಕಾಯಂ ಪ್ರತಿನಿಧಿಯಾಗಿದ್ದವರು ಕರಾವಳಿಯವರೇ ಆದ ಬೆನಗಲ್ ನರಸಿಂಗ ರಾವ್. ಆದರೆ ಟಿಬೆಟ್ಟಿನ ವಿಷಯ ಬಂದ ದಿನ ಮಾತಾಡಿದವರು ನವಾನಗರದ ಜಾಮ್ ಸಾಹೇಬ್. ವ್ಯವಹಾರ ಶಾಂತಿಯಿಂದ ಬಗೆಹರಿಯುವ ಭರವಸೆಯಿದೆ, ಚರ್ಚೆ ಮುಂದಕ್ಕೆ ಹಾಕೋಣ ಎಂದರು. ಹಾಕಿದರು. ಅದು ಒಂಬತ್ತು ವರ್ಷ ಮುಂದಕ್ಕೆ ಹೋಯಿತು.

1954ರ ಏಪ್ರಿಲ್ 29ರ ಒಪ್ಪಂದವನ್ನು ನಾವು ಶಾಲೆಯಲ್ಲಿ 'ಪಂಚಶೀಲ' ಎಂದು ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಐದು ತತ್ವ ಬರೆದರೆ ಐದು ಅಂಕ. ಆ ತತ್ವಗಳ ಕೆಳಗೆ ಏನಿತ್ತು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಅದು ಮೂಲತಃ ವ್ಯಾಪಾರ ಮತ್ತು ಯಾತ್ರೆಯ ಒಪ್ಪಂದ. ಬ್ರಿಟಿಷರ ಕಾಲದಿಂದ ಟಿಬೆಟ್ಟಿನೊಳಗೆ ಭಾರತಕ್ಕಿದ್ದ ಹಕ್ಕುಗಳನ್ನು, ಅಂದರೆ ಯಾತುಂಗ್ ಮತ್ತು ಗ್ಯಾಂತ್ಸೆಯ ಸೈನಿಕ ಕಾವಲು, ಅಂಚೆ, ತಂತಿ, 12 ಪ್ರವಾಸಿ ಬಂಗಲೆಗಳು, ಇವೆಲ್ಲವನ್ನೂ ಅದು ಚೀನಾಕ್ಕೆ ಒಪ್ಪಿಸಿತು. 'ಚೀನಾದ ಟಿಬೆಟ್ ಪ್ರದೇಶ' ಎಂಬ ಮಾತನ್ನು ಭಾರತ ಮೊದಲು ಬರೆದುಕೊಟ್ಟದ್ದೂ ಅದರಲ್ಲೇ. ನೆಹರೂ ಅವರನ್ನು ಇದಕ್ಕಾಗಿ ಬೈಯುವುದು ಈಗ ಸುಲಭ. ಆಗಷ್ಟೇ ದೇಶ ಇಬ್ಭಾಗವಾಗಿ, ಕಾಶ್ಮೀರದಲ್ಲಿ ಯುದ್ಧ ಮಾಡಿ, ಪಡಿತರಕ್ಕೆ ಪರದಾಡುತ್ತಿದ್ದ ಸರ್ಕಾರ ಟಿಬೆಟ್ಟಿಗೆ ಸೈನ್ಯ ಕಳಿಸುವ ಹಾಗಿರಲಿಲ್ಲ. ಕಳಿಸಲಾರೆ ಎನ್ನುವುದು ಬೇರೆ, ಕೊಟ್ಟದ್ದಕ್ಕೆ ಪ್ರತಿಯಾಗಿ ಗಡಿಯ ಮಾತನ್ನೇ ಎತ್ತದಿರುವುದು ಬೇರೆ. ನನ್ನ ತಕರಾರು ಎರಡನೆಯದಕ್ಕೆ.

1956ರ ಕೊನೆಯಲ್ಲಿ ಬುದ್ಧ ಜಯಂತಿಯ 2500ನೇ ವರ್ಷದ ಉತ್ಸವಕ್ಕೆ ದಲಾಯಿ ಲಾಮಾ ಭಾರತಕ್ಕೆ ಬಂದರು. ಮರಳಿ ಹೋಗದೆ ಇಲ್ಲೇ ಉಳಿಯಲೇ ಎಂಬ ಯೋಚನೆ ಅವರಲ್ಲಿತ್ತು. ಅದೇ ಹೊತ್ತಿಗೆ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಕೂಡ ದೆಹಲಿಗೆ ಬಂದಿದ್ದರು. ನೆಹರೂ ಹಿಂದಿರುಗಿ ಎಂದು ಬುದ್ಧಿ ಹೇಳಿದರು. ಅವರು ಹಿಂದಿರುಗಿದರು.

ಎರಡೇ ವರ್ಷ. 1959ರ ಮಾರ್ಚ್ 10ರಂದು ಲಾಸಾದ ಜನ ನೋರ್ಬುಲಿಂಗ್ಕಾ ಅರಮನೆಯನ್ನು ಸುತ್ತುವರಿದು ನಿಂತರು. ತಮ್ಮ ಗುರುವನ್ನು ಚೀನೀ ಸೈನಿಕ ಶಿಬಿರದ ನಾಟಕ ನೋಡಲು ಕಳಿಸೆವು ಎಂದರು. 17ರ ರಾತ್ರಿ ದಲಾಯಿ ಲಾಮಾ ಸಾಮಾನ್ಯ ಸೈನಿಕನ ವೇಷದಲ್ಲಿ ಹೊರಬಿದ್ದರು. ಎರಡು ವಾರ ಕುದುರೆ, ಚಮರೀಮೃಗಗಳ ಮೇಲೆ ಸಾಗಿ ಮಾರ್ಚ್ 31ಕ್ಕೆ ಭಾರತದ ಗಡಿ ದಾಟಿದರು. ಏಪ್ರಿಲ್ 3ರಂದು ನೆಹರೂ ಲೋಕಸಭೆಗೆ ಆಶ್ರಯ ಕೊಟ್ಟ ಸುದ್ದಿ ತಿಳಿಸಿದರು.

ಆಶ್ರಯ ಎಂಬ ಮಾತು ಬಂದಾಗ ನಮ್ಮ ಸೀಮೆಯವನಿಗೆ ನೆನಪಾಗುವುದು ಒಂದೇ ಕಥೆ. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮ ಜಿಂಜಿಯ ದಾರಿಯಲ್ಲಿ ಕೆಳದಿ ರಾಜ್ಯದೊಳಗೆ ಬಂದ. ರಾಣಿ ಚೆನ್ನಮ್ಮ ಇಟ್ಟುಕೊಂಡಳು, ದಾಟಿಸಿದಳು, ಅದಕ್ಕಾಗಿ ಮೊಘಲರೊಂದಿಗೆ ಕಾದಾಡಿದಳು. ಇಕ್ಕೇರಿಯ ಅಘೋರೇಶ್ವರನ ಗುಡಿ ತೋರಿಸುವ ಹಿರಿಯರು ರಾಜಧಾನಿ ಆಗಲೇ ಬಿದನೂರಿಗೆ ಹೋಗಿತ್ತು ಎಂಬುದನ್ನು ಮರೆತಾದರೂ ಈ ಕಥೆ ಹೇಳುವುದನ್ನು ಮರೆಯುವುದಿಲ್ಲ. ಅದರಲ್ಲಿ ನನಗೆ ಹಿಡಿಸುವುದು ವೀರಾವೇಶದ ಭಾಗವಲ್ಲ, ಚೆನ್ನಮ್ಮನ ಲೆಕ್ಕಾಚಾರ. ಅತಿಥಿಯನ್ನು ಬಿಟ್ಟುಕೊಡಲಿಲ್ಲ, ಆದರೆ ತನ್ನಲ್ಲೇ ಉಳಿಸಿಕೊಂಡು ಯುದ್ಧವನ್ನು ಮನೆಯೊಳಗೆ ಕಟ್ಟಿಹಾಕಿಕೊಳ್ಳಲೂ ಇಲ್ಲ. ಬೇಗ ದಾಟಿಸಿದಳು. ಕೊನೆಗೆ ಮೊಘಲರೊಂದಿಗೆ ಸಂಧಾನವನ್ನೂ ಮಾಡಿಕೊಂಡಳು.

ನೆಹರೂಗೆ ದಾಟಿಸಲು ಮುಂದೊಂದು ಜಿಂಜಿ ಇರಲಿಲ್ಲ. ಬಂದವರು ಒಬ್ಬರೂ ಅಲ್ಲ. ಗುರುವಿನ ಹಿಂದೆ ಸುಮಾರು 80,000 ಜನ ಹೊರಟು ಬಂದರು. ನೆಹರೂ ಒಂದು ಸೂತ್ರ ಹಿಡಿದರು: ಆಶ್ರಯ ಉಂಟು, ರಾಜಕೀಯ ಇಲ್ಲ. ದಲಾಯಿ ಲಾಮಾ ಗೌರವಾನ್ವಿತ ಅತಿಥಿ, ದೇಶಾಂತರದ ಸರ್ಕಾರಕ್ಕೆ ಮಾನ್ಯತೆ ಇಲ್ಲ. ಚೀನಾ ಆಗಲೇ ಕಾಲಿಂಪಾಂಗನ್ನು ದಂಗೆಯ ಕೇಂದ್ರ ಎಂದು ದೂರುತ್ತಿತ್ತು. ಭಾರತದ ಕಮ್ಯುನಿಸ್ಟ್ ಪಕ್ಷ ಚೀನಾದ ಪರವಾಗಿ ಮಾತಾಡಿತು. ಅಕ್ಟೋಬರ್ 21ರಂದು ಮಲಯಾ ಮತ್ತು ಐರ್ಲೆಂಡ್ ಮಂಡಿಸಿದ ನಿರ್ಣಯ ವಿಶ್ವಸಂಸ್ಥೆಯಲ್ಲಿ 45 ಮತಗಳಿಂದ ಗೆದ್ದಿತು. ವಿರೋಧ 9, ತಟಸ್ಥ 26. ಎಂಬತ್ತು ಸಾವಿರ ಜನರಿಗೆ ಅನ್ನ ಹಾಕುತ್ತಿದ್ದ ಭಾರತ ಆ ತಟಸ್ಥರಲ್ಲಿ ಒಂದು. 1961ರಲ್ಲೂ ಹಾಗೇ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿರಲಿಲ್ಲ, ಈಗಲೂ ಹಾಕಿಲ್ಲ. ಹಾಗಾಗಿ ಅಂತರರಾಷ್ಟ್ರೀಯ ಕಾನೂನಿನ ಭಾಷೆಯಲ್ಲಿ ಅವರು ಇಲ್ಲಿ ನಿರಾಶ್ರಿತರೂ ಅಲ್ಲ, ನೋಂದಾಯಿತ ವಿದೇಶಿಯರು.

ಬಂದವರನ್ನು ಮೊದಲು ಇಳಿಸಿದ್ದು ಅಸ್ಸಾಮಿನ ಮಿಸ್ಸಾಮಾರಿಯಲ್ಲಿ, ಬಿದಿರಿನ ಗುಡಿಸಲುಗಳಲ್ಲಿ. ಭಿಕ್ಷುಗಳನ್ನು ಬಂಗಾಳದ ಬಕ್ಸಾ ದುವಾರದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಜೈಲಿನಲ್ಲಿ. ಆಚಾರ್ಯ ಕೃಪಲಾನಿ ಪರಿಹಾರ ಸಮಿತಿಯ ಹೊಣೆ ಹೊತ್ತರು. ಹಿಮದ ನಾಡಿನ ದಪ್ಪ ಉಣ್ಣೆ ತೊಟ್ಟು ಬಂದ ಜನ ಬ್ರಹ್ಮಪುತ್ರೆಯ ಬಯಲಿನ ಬೇಗೆಯಲ್ಲಿ ಬೆಂದರು. ಆಮಶಂಕೆ, ಕ್ಷಯ ಹರಡಿತು. ದೇಹ ಗಟ್ಟಿಯಿದ್ದವರನ್ನು ಸಿಕ್ಕಿಂ, ಹಿಮಾಚಲದ ಕಡೆಗೆ ರಸ್ತೆ ಕೆಲಸಕ್ಕೆ ಕಳಿಸಿದರು. ಗಡಿಗೆ ತುರ್ತಾಗಿ ರಸ್ತೆ ಬೇಕಾಗಿತ್ತು, ಎತ್ತರದಲ್ಲಿ ಉಸಿರು ಹಿಡಿದು ಕೆಲಸ ಮಾಡಬಲ್ಲ ಕೂಲಿಗಳು ಸಿಕ್ಕಿದ್ದರು. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುವುದು, ಮಕ್ಕಳು ರಸ್ತೆಯ ಬದಿಯ ಡೇರೆಯಲ್ಲಿ. ಇದು ಹೆಚ್ಚು ದಿನ ನಡೆಯುವಂಥದ್ದಲ್ಲ ಎಂದು ದಲಾಯಿ ಲಾಮಾಗೂ ಗೊತ್ತಿತ್ತು, ನೆಹರೂಗೂ ಗೊತ್ತಿತ್ತು. ನೆಹರೂ ರಾಜ್ಯಗಳಿಗೆ ಪತ್ರ ಬರೆದರು: ನಿಮ್ಮಲ್ಲಿ ಜಾಗ ಇದೆಯೇ?

ಮೈಸೂರು ರಾಜ್ಯ ಇದೆ ಎಂದಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ, ಕುಶಾಲನಗರದಿಂದ ಕಾವೇರಿ ದಾಟಿದರೆ ಸಿಗುವ ಕುರುಚಲು ಕಾಡಿನಲ್ಲಿ 3,000 ಎಕರೆ. ತಲೆಗೆ ಒಂದೆಕರೆಯ ಲೆಕ್ಕ. ಹೆಚ್ಚು ಕಡಿಮೆ 3,000 ಜನಕ್ಕೆ. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು.

ಇಲ್ಲಿ ಒಂದು ಸಣ್ಣ ತಿದ್ದುಪಡಿ ಹೇಳಬೇಕು. ಟಿಬೆಟಿಯನ್ನರಿಗೆ ಕರ್ನಾಟಕದಲ್ಲಿ ನೆಲ ಕೊಟ್ಟವರು ಯಾರು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಎಸ್. ನಿಜಲಿಂಗಪ್ಪ. ದಲಾಯಿ ಲಾಮಾ ಅವರೇ ಎಷ್ಟೋ ಸಲ ಅವರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಬೈಲಕುಪ್ಪೆಗೆ ಮೊದಲ ತಂಡ ಬಂದಾಗ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗೆ ಅವರದೇ ಆಡಳಿತ. ನಿಜಲಿಂಗಪ್ಪ ಮತ್ತೆ ಮುಖ್ಯಮಂತ್ರಿಯಾದದ್ದು 1962ರ ಜೂನಿನಲ್ಲಿ. ಮುಂದಿನ ಆರು ವರ್ಷ ಆ ವಸತಿಯನ್ನು ಬೆಳೆಸಿದ್ದು, 1966ರಲ್ಲಿ ಮುಂಡಗೋಡದಲ್ಲಿ ಎರಡನೆಯದಕ್ಕೆ ದಾರಿ ಮಾಡಿದ್ದು ಅವರ ಕಾಲ. ಜತ್ತಿಯವರು ಮುಂದೆ ಉಪರಾಷ್ಟ್ರಪತಿಯಾದರು, ಹಂಗಾಮಿ ರಾಷ್ಟ್ರಪತಿಯೂ ಆದರು. ಈ ಒಂದು ಪುಣ್ಯ ಮಾತ್ರ ಅವರ ಖಾತೆಗೆ ಬೀಳದೆ ಹೋಯಿತು.

ಇಷ್ಟು ದಕ್ಷಿಣಕ್ಕೆ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳ. ಗಡಿಯಿಂದ ದೂರ ಇದ್ದಷ್ಟೂ ಚೀನಾದ ತಕರಾರಿನಿಂದಲೂ ದೂರ. ಜೊತೆಗೆ ಇಲ್ಲಿ ಒಂದೇ ಕಡೆ ದೊಡ್ಡ ಪಟ್ಟಿ ನೆಲ ಸಿಗುತ್ತಿತ್ತು. ಈ 'ಒಂದೇ ಕಡೆ' ಎಂಬುದು ದಲಾಯಿ ಲಾಮಾ ಪಟ್ಟು ಹಿಡಿದು ಕೇಳಿದ್ದು. ಚದುರಿದರೆ ಭಾಷೆ ಹೋಗುತ್ತದೆ, ಧರ್ಮ ಹೋಗುತ್ತದೆ, ಒಂದು ತಲೆಮಾರಿನಲ್ಲಿ ಟಿಬೆಟಿಯನ್ನರೇ ಇರುವುದಿಲ್ಲ ಎಂಬುದು ಅವರ ವಾದ. ನೆಹರೂ ಒಪ್ಪಿದರು. ಟಿಬೆಟಿಯನ್ ಮಕ್ಕಳಿಗೆ ಬೇರೆಯೇ ಶಾಲೆ, ಅವರದೇ ಭಾಷೆ, ಅವರದೇ ಇತಿಹಾಸ ಎಂಬುದಕ್ಕೆ ಕೇಂದ್ರ ಹಣ ಕೊಟ್ಟಿತು. ವಿಶ್ವಸಂಸ್ಥೆಯಲ್ಲಿ ತಟಸ್ಥವಾಗಿದ್ದ ಕೈ ಬೈಲಕುಪ್ಪೆಯಲ್ಲಿ ತಟಸ್ಥವಾಗಿರಲಿಲ್ಲ. ನೆಹರೂರ ಟಿಬೆಟ್ ನೀತಿಯನ್ನು ತೂಗುವವರು ತಕ್ಕಡಿಯ ಈ ತಟ್ಟೆಯನ್ನೂ ನೋಡಬೇಕು.

ನೆಲ ಕೊಟ್ಟರು ಎಂದರೆ ಗದ್ದೆ ಕೊಟ್ಟರು ಎಂದಲ್ಲ. ಕಾಡು ಕಡಿಯಬೇಕಿತ್ತು, ಬುಡ ಕೀಳಬೇಕಿತ್ತು, ಸುಡಬೇಕಿತ್ತು. ಬಿದಿರಿನ ಗುಡಿಸಲುಗಳಿಗೆ ಆನೆ ನುಗ್ಗುತ್ತಿತ್ತು. ಕುರಿ ಮೇಯಿಸಿ ಬಾರ್ಲಿ ಬೆಳೆದ ಕೈಗಳು ಮುಸುಕಿನ ಜೋಳ ಬಿತ್ತುವುದನ್ನು ಕಲಿತವು. ಮೊದಲ ವರ್ಷಗಳಲ್ಲಿ ಸಾವು ಬಹಳ. ಸೆಖೆ ತಾಳದೆ ಸತ್ತವರು, ಮರ ಬಿದ್ದು ಸತ್ತವರು, ಕಾಯಿಲೆಗೆ ಸತ್ತವರು. ಆಮೇಲೆ ಹೆಂಚಿನ ಮನೆಗಳಾದವು, ಸಹಕಾರ ಸಂಘವಾಯಿತು, ಸ್ವಿಸ್ ನೆರವಿನ ಟ್ರ್ಯಾಕ್ಟರು ಬಂದವು. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಈಗ ಸ್ವಸಹಾಯ ಸಂಘಗಳಿಗೆ ಹೆಸರಾಗಿದೆ. ಅದರ ಹೆಸರಿನೊಳಗಿನ 'ಆರ್' ಅಕ್ಷರ ಮರುವಸತಿಯನ್ನು ಸೂಚಿಸುತ್ತದೆ, ಅದು ಹುಟ್ಟಿದ್ದೇ ಈ ಟಿಬೆಟಿಯನ್ನರ ಸಲುವಾಗಿ ಎಂಬುದು ಅನೇಕರಿಗೆ ಗೊತ್ತಿಲ್ಲ.

ಈಗ ನಮ್ಮ ಹೊಳೆಗೆ ಬರೋಣ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರದ ಮೇಲೆ ಹಾದು, ಸಾಗರದ ಗಡಿಯಲ್ಲಿ ಜೋಗದಲ್ಲಿ ಧುಮುಕುತ್ತದೆ. ಮೂರು ತಾಲ್ಲೂಕಿಗೂ ಅದು ತಾಯಿ. ಅದಕ್ಕೆ ಮೊದಲ ದೊಡ್ಡ ಕಟ್ಟೆ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟು, 1948ರಲ್ಲಿ ಜೋಗದ 120 ಮೆಗಾವ್ಯಾಟ್ ವಿದ್ಯುತ್ತಿಗೆ ನೀರು ಕೊಡಲು ಸಜ್ಜಾದದ್ದು. ಹತ್ತು ವರ್ಷದಲ್ಲಿ ಅದು ಸಾಲದಾಯಿತು. ಬೆಂಗಳೂರಿಗೆ, ಹೊಸ ಕಾರ್ಖಾನೆಗಳಿಗೆ ಕರೆಂಟು ಬೇಕಿತ್ತು. ಲಿಂಗನಮಕ್ಕಿಯಲ್ಲಿ ಸಮುದ್ರಮಟ್ಟದಿಂದ 1,819 ಅಡಿವರೆಗೆ ನೀರು ನಿಲ್ಲಿಸುವ ಯೋಜನೆ ಸಿದ್ಧವಾಯಿತು. ಅಮೆರಿಕದ ಸಾಲವೂ ಇದಕ್ಕೆ ಬಂತು. ಏಷ್ಯಾದ ಬಡ ದೇಶಗಳು ಚೀನಾದ ದಾರಿ ಹಿಡಿಯದಿರಲಿ ಎಂದು ವಾಷಿಂಗ್ಟನ್ ಅಣೆಕಟ್ಟು, ಕಾರ್ಖಾನೆಗಳಿಗೆ ಹಣ ಹಂಚುತ್ತಿದ್ದ ಕಾಲ ಅದು. ಬೀಜಿಂಗಿನ ಕೆಂಪು ಬಾವುಟದ ನೆರಳು ನಮ್ಮ ಅಡಿಕೆ ತೋಟದ ಮೇಲೂ ಒಂದಿಷ್ಟು ಬಿದ್ದಿತ್ತು ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಪೂರ್ತಿ ಉತ್ಪ್ರೇಕ್ಷೆಯಲ್ಲ.

1964ರಲ್ಲಿ ಅಣೆಕಟ್ಟು ಮುಗಿಯಿತು. ನೀರು ಹಬ್ಬಿದ್ದು ಸುಮಾರು 326 ಚದರ ಕಿಲೋಮೀಟರ್. ಮುಳುಗಡೆಗೆ ಸಿಕ್ಕಿದ್ದು ಸಾಗರ ತಾಲ್ಲೂಕಿನ 99 ಹಳ್ಳಿ, ಹೊಸನಗರ ತಾಲ್ಲೂಕಿನ 76. ಎದ್ದವರು ಸುಮಾರು 12,000 ಜನ. ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಆ ನೀರಿನಲ್ಲೇ ಮುಳುಗಿತು. ದೀವರು, ಹವ್ಯಕರು, ಲಿಂಗಾಯತರು, ಹಸಲರು, ಕ್ರೈಸ್ತರು, ಎಲ್ಲರ ಮನೆಯೂ. ಲಾರಿಗೆ ಪಾತ್ರೆ, ಬಾಗಿಲು, ತೊಲೆ, ಹಸು ಕರು ಹೇರಿಕೊಂಡು ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ ಕಡೆಯ ಕಾಡಿನಲ್ಲಿ ಇಳಿದರು. ಅಲ್ಲೂ ಕಾಡು ಕಡಿಯಬೇಕಿತ್ತು, ಬುಡ ಕೀಳಬೇಕಿತ್ತು. ಅಲ್ಲೂ ಆನೆ, ಮಲೇರಿಯಾ. ಮುಳುಗಡೆಯ ಕಥೆಯನ್ನು ಕನ್ನಡಕ್ಕೆ ತಂದ ನಾ. ಡಿಸೋಜರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಒಳಗಿನಿಂದಲೇ ಕಂಡವರು. ಕಡತವನ್ನೂ ಕಣ್ಣೀರನ್ನೂ ಒಟ್ಟಿಗೆ ನೋಡಿದವರು ಅವರಷ್ಟು ಇನ್ನೊಬ್ಬರಿಲ್ಲ.

ಪರಿಹಾರ ಪಹಣಿಯಲ್ಲಿ ಹೆಸರಿದ್ದವರಿಗೆ. ಕಾಗೋಡು ಚಳವಳಿಯ ಹದಿಮೂರು ವರ್ಷದ ನಂತರವೂ ಎಷ್ಟೋ ಗೇಣಿದಾರರ ಹೆಸರು ಪಹಣಿಗೆ ಏರಿರಲಿಲ್ಲ. ಅಂಥವನ ಪಾಲಿಗೆ ನೆಲ ಕೈಗೆ ಬರುವ ಮೊದಲೇ ನೀರಿಗೆ ಹೋಯಿತು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ ಹೊಸನಗರ ಕ್ಷೇತ್ರದಿಂದ, 1962ರಲ್ಲಿ ತೀರ್ಥಹಳ್ಳಿಯಿಂದ ವಿಧಾನಸಭೆಗೆ ಹೋದವರು. ಉಳುವವನ ಪರ ದನಿ ಅಲ್ಲಿ ಇತ್ತು. ಆದರೆ ಆ ದಿನಗಳಲ್ಲಿ ಅಣೆಕಟ್ಟನ್ನು ಪ್ರಶ್ನಿಸುವವರು ದೇಶದ್ರೋಹಿಗಳಂತೆ ಕಾಣುತ್ತಿದ್ದರು. ನಾಡಿಗೆ ಬೆಳಕು ಬರುತ್ತದೆ ಎಂದರೆ ಯಾರು ಬೇಡ ಎಂದಾರು?

ಒಂದೇ ದಶಕ, ಒಂದೇ ರಾಜ್ಯ ಸರ್ಕಾರ, ಒಂದೇ ಕಂದಾಯ ಇಲಾಖೆ. ಟಿಬೆಟಿಯನ್ನರ ಹಿಂದೆ ದೆಹಲಿಯ ಪತ್ರವಿತ್ತು, ಪರದೇಶದ ಹಣವಿತ್ತು, ಜಗತ್ತು ಕೇಳುವ ಒಬ್ಬ ಗುರುವಿದ್ದರು, ಒಂದೇ ಕಡೆ ಇರಲು ಬಿಡಿ ಎಂಬ ಖಚಿತ ಬೇಡಿಕೆಯಿತ್ತು. ಮುಳುಗಡೆಯವರಿಗೆ ಪೌರತ್ವವಿತ್ತು, ಮತವಿತ್ತು. ರಾಯಭಾರಿ ಇರಲಿಲ್ಲ. ಅವರನ್ನು ಒಂದೇ ಕಡೆ ಇಡಬೇಕು, ಊರಿಗೆ ಊರನ್ನೇ ಎತ್ತಿ ನೆಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅಣ್ಣ ಒಂದು ಕಾಡಿಗೆ, ತಮ್ಮ ಇನ್ನೊಂದಕ್ಕೆ, ಊರ ದೇವರು ಮೂರನೆಯದಕ್ಕೆ. ಇದನ್ನು ಟಿಬೆಟಿಯನ್ನರ ಮೇಲಿನ ಅಸೂಯೆಯಿಂದ ಹೇಳುತ್ತಿಲ್ಲ. ಹೇಗೆ ಮಾಡಬಹುದೆಂದು ಸರ್ಕಾರಕ್ಕೆ ಗೊತ್ತಿತ್ತು ಎಂಬುದಕ್ಕೆ ಬೈಲಕುಪ್ಪೆಯೇ ಸಾಕ್ಷಿ ಎನ್ನುತ್ತಿದ್ದೇನೆ, ಅಷ್ಟೆ.

ಈ ನಡುವೆ ರಾಜತಾಂತ್ರಿಕತೆಯ ಬಣ್ಣ ಬದಲಾಗಿತ್ತು. ಪಂಚಶೀಲ ಒಪ್ಪಂದದ ಎಂಟು ವರ್ಷದ ಅವಧಿ 1962ರಲ್ಲಿ ಮುಗಿಯಿತು, ಯಾರೂ ನವೀಕರಿಸಲಿಲ್ಲ. ಅದೇ ಅಕ್ಟೋಬರ್ 20ಕ್ಕೆ ಯುದ್ಧ. ಮೂರು ವರ್ಷ ಹಿಂದೆ ದಲಾಯಿ ಲಾಮಾ ನಡೆದು ಬಂದ ತವಾಂಗ್ ದಾರಿಯಲ್ಲೇ ಚೀನಾದ ಸೈನ್ಯ ಇಳಿದು ಬಂತು. ನವೆಂಬರ್ 21ರಂದು ಅದು ತಾನಾಗಿ ಕದನ ನಿಲ್ಲಿಸುವ ಹೊತ್ತಿಗೆ ದೆಹಲಿಯ ಪಾಲಿಗೆ ಟಿಬೆಟಿಯನ್ನರು ಮುಜುಗರದ ಅತಿಥಿಗಳಾಗಿ ಉಳಿದಿರಲಿಲ್ಲ. ಪರ್ವತದ ಯುದ್ಧಕ್ಕೆಂದು ಅವರ ಯುವಕರ ಗುಪ್ತ ಪಡೆ ಕಟ್ಟಲಾಯಿತು, ಚಕ್ರಾತದಲ್ಲಿ ನೆಲೆ, '22' ಎಂಬ ಹೆಸರಿನಲ್ಲಿ. 1971ರಲ್ಲಿ ಬಾಂಗ್ಲಾದೇಶದ ಗುಡ್ಡಗಳಲ್ಲಿ ಅವರು ಕಾದಾಡಿದರು. ತಮ್ಮದಲ್ಲದ ದೇಶಕ್ಕಾಗಿ, ಇನ್ನೊಂದು ತಮ್ಮದಲ್ಲದ ದೇಶದ ಬಿಡುಗಡೆಗೆ. 1965ರ ವಿಶ್ವಸಂಸ್ಥೆಯ ನಿರ್ಣಯಕ್ಕೆ ಭಾರತ ಕೊನೆಗೂ ಪರವಾಗಿ ಕೈಯೆತ್ತಿತು. ಮರುವರ್ಷ ಮುಂಡಗೋಡದ ವಸತಿ ಶುರುವಾಯಿತು, ಸುಮಾರು 4,000 ಎಕರೆಯಲ್ಲಿ. ಈ ಎರಡಕ್ಕೂ ನೇರ ನಂಟು ಕಟ್ಟುವುದು ಬೇಡ, ಆದರೆ ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂಬುದು ತಿಳಿಯುತ್ತದೆ.

ಮುಂಡಗೋಡ ನಮಗೆ ಹತ್ತಿರ. ಸಾಗರದಿಂದ ಶಿರಸಿ ದಾಟಿದರೆ ಬಂತು. ಅಲ್ಲಿಯವರು ಇಂದಿಗೂ 'ಕ್ಯಾಂಪ್' ಎನ್ನುತ್ತಾರೆ, ಆರು ದಶಕವಾದರೂ ಊರು ಎನ್ನುವುದಿಲ್ಲ. 1969ರಲ್ಲಿ ಬಕ್ಸಾ ದುವಾರದ ಜೈಲಿನಲ್ಲಿ ಅಳಿದುಳಿದ ಭಿಕ್ಷುಗಳು ದಕ್ಷಿಣಕ್ಕೆ ಬಂದರು. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡದಲ್ಲಿ, ಸೆರಾ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆದವು. ಲಾಸಾದ ಸುತ್ತ ಶತಮಾನಗಳ ಕಾಲ ಸಾವಿರಾರು ಭಿಕ್ಷುಗಳನ್ನು ಸಾಕಿದ ಮಹಾವಿಹಾರಗಳವು. ಇಲ್ಲಿ ತರ್ಕಶಾಸ್ತ್ರದ ಪಂಡಿತರು ಬೆಳಿಗ್ಗೆ ಗುದ್ದಲಿ ಹಿಡಿದು ಸಂಜೆ ವಾದಕ್ಕೆ ಕೂತರು. ಬೈಲಕುಪ್ಪೆಯ ಎರಡನೇ ವಸತಿ 1969ರಲ್ಲಿ, ಹುಣಸೂರಿನ ಗುರುಪುರದ್ದು 1972ರಲ್ಲಿ, ಕೊಳ್ಳೇಗಾಲದ ಒಡೆಯರಪಾಳ್ಯದ್ದು 1974ರಲ್ಲಿ. ಒಟ್ಟು ಐದು. ದೇಶದ ಬೇರೆ ಯಾವ ರಾಜ್ಯವೂ ಇಷ್ಟು ನೆಲ ಕೊಟ್ಟಿಲ್ಲ.

ಚಳಿಗಾಲ ಬಂತೆಂದರೆ ಜೋಳ ಕಟಾವು ಮುಗಿಸಿ ಅವರು ಲುಧಿಯಾನದ ಸ್ವೆಟರು ತುಂಬಿಕೊಂಡು ಊರೂರಿಗೆ ಹೊರಡುತ್ತಿದ್ದರು. ಮಲೆನಾಡಿನ ಪೇಟೆಗಳಲ್ಲಿ ಅವರ ಸಾಲು ಅಂಗಡಿ ಕಂಡಾಗಲೇ ನಮಗೆ ಚಳಿ ಶುರುವಾದದ್ದು ಗೊತ್ತಾಗುತ್ತಿತ್ತು. ಚುಬಾ ಉಟ್ಟ ಅಜ್ಜಿ ಕುರ್ಚಿಯಲ್ಲಿ ಮಣಿ ಎಣಿಸುತ್ತ ಕೂತಿರುತ್ತಿದ್ದಳು. ಸೊಸೆ ಅಚ್ಚ ಕನ್ನಡದಲ್ಲಿ, "ಇದು ನಿಮ್ಗೆ ಸ್ವಲ್ಪ ದೊಡ್ಡದಾಗ್ತದೆ ಅಮ್ಮಾ, ಒಂದು ಒಗೆತಕ್ಕೆ ಸರಿಯಾಗ್ತದೆ," ಎನ್ನುವಳು. ನಾವು ಅವರನ್ನು 'ನೇಪಾಳಿಗಳು' ಎನ್ನುತ್ತಿದ್ದೆವು. ಅದು ತಪ್ಪು ಎಂದು ಅವರು ಒಮ್ಮೆಯೂ ತಿದ್ದಲಿಲ್ಲ.

ಅವರ ಜೇಬಿನಲ್ಲೂ ಒಂದು ಚಿಂತೆ ಇದೆ. ನೋಂದಣಿ ಪತ್ರ, ಅದನ್ನು ಅವಧಿ ಮುಗಿಯುವ ಮೊದಲು ನವೀಕರಿಸಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ. ನೆಲ ಅವರದಲ್ಲ, ಸರ್ಕಾರದ್ದು. 2014ರ ಪುನರ್ವಸತಿ ನೀತಿ ಗುತ್ತಿಗೆ ಪತ್ರದ ಮಾತಾಡಿತು, ಒಡೆತನದ ಮಾತಾಡಲಿಲ್ಲ. 1950ರಿಂದ 1987ರ ನಡುವೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಕೆಲವರು ಮತದಾರರ ಪಟ್ಟಿಗೆ ಸೇರಿದರು. ಅನೇಕರು ಬೇಡವೆಂದರು. ಭಾರತೀಯರಾದರೆ ಟಿಬೆಟ್ಟಿನ ಹಕ್ಕು ಕೇಳುವವರು ಯಾರು ಎಂಬುದು ಅವರ ಪ್ರಶ್ನೆ. ಇತ್ತ 2003ರಲ್ಲಿ ಪ್ರಧಾನಿ ವಾಜಪೇಯಿ ಬೀಜಿಂಗಿಗೆ ಹೋದಾಗ ಟಿಬೆಟ್ ಸ್ವಾಯತ್ತ ಪ್ರದೇಶ ಚೀನಾದ ಭಾಗವೆಂದು ಭಾರತ ಮತ್ತೊಮ್ಮೆ ಬರೆದುಕೊಟ್ಟಿತ್ತು. ಮನೆಯಲ್ಲಿಟ್ಟುಕೊಂಡು ಸಾಕುವುದು, ಹೊರಗೆ ಅವರ ಮನೆ ಅವರದಲ್ಲ ಎಂದು ಸಹಿ ಹಾಕುವುದು. 1959ರ ಸೂತ್ರ ಬದುಕಿಯೇ ಇದೆ.

ಮುಳುಗಡೆಯವರ ಕಡತವೂ ಬದುಕಿದೆ. ಅವರನ್ನು ಇಳಿಸಿದ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೀಗ ಬಿತ್ತು. ರಾಜ್ಯ ಸರ್ಕಾರ ಆಮೇಲೆ ತುಂಡು ತುಂಡಾಗಿ ಆ ಜಾಗಗಳನ್ನು ಅರಣ್ಯದಿಂದ ಕೈಬಿಟ್ಟ ಆದೇಶ ಹೊರಡಿಸಿತು. ಕೇಂದ್ರದ ಅನುಮತಿ ಪಡೆದಿಲ್ಲವೆಂದು 2021ರಲ್ಲಿ ಹೈಕೋರ್ಟ್ ಅವನ್ನು ರದ್ದು ಮಾಡಿತು. ಹಕ್ಕುಪತ್ರ ಕೈಗೆ ಬಂದಿದೆ ಎಂದುಕೊಂಡಿದ್ದವರು ಮತ್ತೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದರು. ಈಗ ಹತ್ತುತ್ತಿರುವುದು ಮೊಮ್ಮಕ್ಕಳು. ನೀರಿನ ಆಚೆ ದಡದಲ್ಲಿ ಉಳಿದ ತುಮರಿ, ಕರೂರು, ಬಾರಂಗಿ ಕಡೆಯವರಿಗೆ ಸಾಗರ ಪೇಟೆಗೆ ಬರಲು ಆರು ದಶಕ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಮಳೆ ಕೈಕೊಟ್ಟ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಲಿಂಗನಮಕ್ಕಿಯ ನೀರು ತಳ ಹಿಡಿಯುತ್ತದೆ. ಮಡೇನೂರಿನ ಹಳೆಯ ಅಣೆಕಟ್ಟು ಮೊದಲು ಮೇಲೇಳುತ್ತದೆ. ಅದರ ಹಿಂದೆ ರಸ್ತೆಯ ಗುರುತು, ಬಾವಿಯ ಕಟ್ಟೆ, ಯಾರದೋ ಮನೆಯ ಮೆಟ್ಟಿಲು. ಶಿವಮೊಗ್ಗ ಕಡೆ ಹೋಗಿ ಬದುಕಿದ ಮುದುಕರು ಮಕ್ಕಳ ಕಾರಿನಲ್ಲಿ ಬಂದು, ಬಿರುಕು ಬಿಟ್ಟ ಕೆಸರಿನ ಮೇಲೆ ಕೋಲೂರಿ ನಡೆದು, ಇಲ್ಲಿ ಕೊಟ್ಟಿಗೆ, ಇಲ್ಲಿ ಬಚ್ಚಲು, ಇಲ್ಲಿ ಹಿತ್ತಲ ಹಲಸಿನ ಮರ ಎಂದು ಬೆರಳು ಮಾಡಿ ತೋರಿಸುತ್ತಾರೆ. ಜೂನಿನಲ್ಲಿ ಮಳೆ ಹಿಡಿಯುವುದರೊಳಗೆ ನೋಡಿ ಮುಗಿಸಬೇಕು. ಮುಂಡಗೋಡದ ಕ್ಯಾಂಪಿನಲ್ಲಿ ಮಣಿ ಎಣಿಸುವ ಅಜ್ಜಿಗೆ ಅಷ್ಟೂ ಇಲ್ಲ. ಅವಳ ಮನೆ ನೀರಿನಲ್ಲಿ ಮುಳುಗಿಲ್ಲ, ಇದ್ದಲ್ಲೇ ಇದೆ. ಅದರಲ್ಲಿ ಬೇರೆ ಯಾರೋ ಒಲೆ ಹೊತ್ತಿಸುತ್ತಿದ್ದಾರೆ.